ಅರ್ಥಶಾಸ್ತ್ರಕ್ಕೆ ಯಾವ ಗಣಿತ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಸಲಹೆ ಕೇಳಿಕೊಂಡು ಬರುವ ಪಾಲಕರ ಮಾತು ಒಂದೇ: ‘ಮಗಳಿಗೆ ಎಕನಾಮಿಕ್ಸ್ ಇಷ್ಟ ಸಾರ್, ಮ್ಯಾಥ್ಸ್ ಬೇಡ್ವಂತೆ. ಕಾಮರ್ಸ್‌ಗೆ ಹಾಕಿದೀವಿ.’ ಎರಡು ವರ್ಷ ಕಳೆದ ಮೇಲೆ ಅವರೇ ದೆಹಲಿ ವಿಶ್ವವಿದ್ಯಾಲಯದ ವಿಚಾರ ಎತ್ತುತ್ತಾರೆ. ಅಲ್ಲಿ ಬಿ.ಎ. ಆನರ್ಸ್ ಅರ್ಥಶಾಸ್ತ್ರ ಸೇರಲು ಸಿಯುಇಟಿ ಪ್ರವೇಶ ಪರೀಕ್ಷೆಯಲ್ಲಿ ಗಣಿತ ಬರೆಯಲೇಬೇಕು. ಆ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಆದ್ದರಿಂದ ಮೊದಲ ಹೆಜ್ಜೆ ಪಿಯುಸಿಯಲ್ಲೇ. ವಿಜ್ಞಾನ ಬೇಡವಾದರೆ ಕಾಮರ್ಸ್‌ನಲ್ಲಿ ಬೇಸಿಕ್ ಮ್ಯಾಥ್ಸ್ ಇರುವ ಕಾಂಬಿನೇಷನ್ ಕೇಳಿ. ಷೇರು, ಬಿಲ್ ಡಿಸ್ಕೌಂಟಿಂಗ್ ಲೆಕ್ಕಗಳ ಜೊತೆಗೆ ಅವಕಲನ, ಅನುಕಲನದ ಪರಿಚಯವೂ ಅದರಲ್ಲಿದೆ. ಮುಂದೆ ಸೇರಬೇಕೆಂದಿರುವ ಸಂಸ್ಥೆ ಇದನ್ನು ‘ಗಣಿತ’ವೆಂದು ಒಪ್ಪುತ್ತದೆಯೇ ಎಂದು ಪ್ರಾಸ್ಪೆಕ್ಟಸ್ ತೆಗೆದು ನೋಡಿ; ಸೀನಿಯರ್‌ಗಳ ಮಾತು ನಂಬಬೇಡಿ.

ಪದವಿಯಲ್ಲಿ ಮಕ್ಕಳು ಎಡವುವುದು ಪತ್ರಿಕೆಯ ಹೆಸರಿಗೆ ಮರುಳಾಗಿ. ‘ಬಿಸಿನೆಸ್ ಮ್ಯಾಥಮ್ಯಾಟಿಕ್ಸ್’ ಎಂದು ಕಂಡರೆ ಸಾಕು, ಫೈನಾನ್ಸ್‌ಗೆ ಹೇಳಿ ಮಾಡಿಸಿದ್ದು ಎಂದುಕೊಳ್ಳುತ್ತಾರೆ. ಹೆಸರು ಬಿಡಿ, ಸಿಲಬಸ್ ಬಿಡಿಸಿ. ಬಡ್ಡಿ, ಅನುಪಾತ, ಶೇಕಡಾವಾರಿನಲ್ಲೇ ಮುಗಿದಿದ್ದರೆ ಅದು ಹೈಸ್ಕೂಲಿನ ಲೆಕ್ಕಕ್ಕೆ ಹೊಸ ಅಂಗಿ ತೊಡಿಸಿದ್ದು, ಅಷ್ಟೆ. ನಾನು ಹುಡುಕುವುದು ಒಂದೇ ಸಾಲು: ಒಂದಕ್ಕಿಂತ ಹೆಚ್ಚು ಚಲಕಗಳ ಅವಕಲನ ಇದೆಯೇ? ಕೈಯಲ್ಲಿ 500 ರೂಪಾಯಿ ಇದೆ. ಅಕ್ಕಿ ಎಷ್ಟು, ಬೇಳೆ ಎಷ್ಟು ಕೊಂಡರೆ ಹೆಚ್ಚು ತೃಪ್ತಿ? ಸೂಕ್ಷ್ಮ ಅರ್ಥಶಾಸ್ತ್ರ ಶುರುವಾಗುವುದೇ ಇಲ್ಲಿಂದ. ಎರಡು ಚಲಕ, ಒಂದು ಮಿತಿ. ಇದನ್ನು ಬಿಡಿಸುವ ಲಗ್ರಾಂಜ್ ವಿಧಾನ ಕಲಿಸದ ಪತ್ರಿಕೆಯಲ್ಲಿ ನೂರಕ್ಕೆ ನೂರು ಬಂದರೂ ಎಂ.ಎ. ತರಗತಿಯಲ್ಲಿ ಮೊದಲ ವಾರವೇ ಕಷ್ಟ. ಅಂಕ ಸುಲಭವಾಗಿ ಸಿಗುತ್ತದೆಂದು ಇಂಥ ಪತ್ರಿಕೆ ಆರಿಸಿಕೊಂಡು ಆಮೇಲೆ ಪರಿತಪಿಸಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಕಲನದ ನಂತರ ರೇಖೀಯ ಬೀಜಗಣಿತ, ಏಕೆಂದರೆ ಎಕನಾಮೆಟ್ರಿಕ್ಸ್‌ನ ರಿಗ್ರೆಶನ್ ನಿಂತಿರುವುದು ಮ್ಯಾಟ್ರಿಕ್ಸ್ ಮೇಲೆ. ಆಮೇಲೆ ಸಂಭವನೀಯತೆ, ಸಂಖ್ಯಾಶಾಸ್ತ್ರ. ಅರ್ಥಶಾಸ್ತ್ರ–ಗಣಿತ–ಸಂಖ್ಯಾಶಾಸ್ತ್ರ ಮೂರೂ ಒಟ್ಟಿಗೆ ಸಿಗುವ ಕಾಲೇಜಿದ್ದರೆ ಕಣ್ಣು ಮುಚ್ಚಿ ಸೇರಿ.

ಫೈನಾನ್ಸ್‌ನವರಿಗೆ ಸಂಭವನೀಯತೆ ಇನ್ನೂ ಗಟ್ಟಿಯಾಗಿರಬೇಕು. ಆಪ್ಷನ್ ಬೆಲೆಗೆ 1973ರಲ್ಲಿ ಬಂದ ಬ್ಲ್ಯಾಕ್–ಶೋಲ್ಸ್ ಸೂತ್ರ ಅರ್ಥವಾಗಲು ಅವಕಲ ಸಮೀಕರಣವೂ ಬೇಕು. ಪಿಎಚ್.ಡಿ. ಆಸೆಯಿದ್ದವರು ರಿಯಲ್ ಅನಾಲಿಸಿಸ್ ಬಿಡಬೇಡಿ. ಗೊಂದಲವಾದರೆ ಐಐಟಿಗಳ ಜಾಮ್ ಪರೀಕ್ಷೆಯ ಅರ್ಥಶಾಸ್ತ್ರ ಸಿಲಬಸ್‌ನ ಗಣಿತ ಭಾಗವನ್ನು ಇಳಿಸಿಕೊಂಡು ನಿಮ್ಮ ಕಾಲೇಜಿನದ್ದರ ಜೊತೆ ಹೋಲಿಸಿ. ಬಿಟ್ಟುಹೋದ ಅಧ್ಯಾಯಗಳಿಗೆ ಎನ್‌ಪಿಟಿಇಎಲ್‌ನಲ್ಲಿ ವಿಡಿಯೊ ಪಾಠಗಳು ಉಚಿತವಾಗಿ ಸಿಗುತ್ತವೆ.