ಗುಡ್ಡದ ಹುಲ್ಲು, ದನದ ತೇಗು

ದನ ತೇಗಿದರೆ ಭೂಮಿ ಬಿಸಿಯಾಗುತ್ತದೆ ಎಂದು ಮೇಷ್ಟ್ರು ಹೇಳಿದಾಗ ನಾವೆಲ್ಲ ನಕ್ಕಿದ್ದೆವು. ಆದರೆ ಅದು ನಿಜ. ದನದ ಹೊಟ್ಟೆಯಲ್ಲಿ ನಾಲ್ಕು ಭಾಗಗಳಿವೆ. ಅದರಲ್ಲಿ ದೊಡ್ಡದರಲ್ಲಿ ಸೂಕ್ಷ್ಮಜೀವಿಗಳು ಹುಲ್ಲನ್ನು ಹುದುಗಿಸುವಾಗ ಮೀಥೇನ್ ಅನಿಲ ಹುಟ್ಟಿ, ತೇಗಿನಲ್ಲಿ ಬಾಯಿಂದ ಹೊರಬರುತ್ತದೆ. 100 ವರ್ಷದ ಲೆಕ್ಕ ಹಿಡಿದರೆ ಅದು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಮಾಡುತ್ತದೆ.

ಹಾಗಾದ್ರೆ ನಮ್ಮ ಮಲೆನಾಡು ಗಿಡ್ಡವನ್ನು ಮಾರಬೇಕಾ? ಅಜ್ಜಿಯನ್ನು ಕೇಳಿ ಬೈಸಿಕೊಂಡೆ.

ಲೆಕ್ಕ ತೇಗಿಗೇ ಮುಗಿಯುವುದಿಲ್ಲ. ನಮ್ಮ ಬಾಬಾಬುಡನ್ ಬೆಟ್ಟಸಾಲಿನ ಹುಲ್ಲಿನ ಬೇರಿನಲ್ಲಿ, ಮಣ್ಣಿನಲ್ಲಿ ಇಂಗಾಲ ಕೂತಿರುತ್ತದೆ. ಮಿತವಾಗಿ ಮೇದರೆ ಹುಲ್ಲು ಮತ್ತೆ ಚಿಗುರುತ್ತದೆ. ದಿನಾ ಒಂದೇ ಕಡೆ ಮೇಯಿಸಿದರೆ ಬೇರು ಸತ್ತು, ಮಳೆಗೆ ಮಣ್ಣು ಕೊಚ್ಚಿಹೋಗಿ, ಅದರ ಇಂಗಾಲದಲ್ಲಿ ಸ್ವಲ್ಪ ಗಾಳಿಗೆ ಸೇರುತ್ತದೆ. ಗುಡ್ಡದ ಮೇಲೆ ದನ ನೀರು ಕುಡಿಯೋ ಗುಂಡಿಯ ಸುತ್ತ ಹೀಗೇ ಬೋಳಾಗಿದೆ, ಹೋಗಿ ನೋಡಿ.

ಈಗ ನಾನು ವಾರಕ್ಕೊಂದು ಕಡೆ ಹೊಡ್ಕೊಂಡು ಹೋಗ್ತೀನಿ. ಅದಕ್ಕೆ ತೇಗು ನಿಲ್ಲಲ್ಲ, ಗೊತ್ತು. ಹುಲ್ಲಿನ ಬೇರಾದರೂ ಉಳೀಲಿ ಅಂತ. ನಮ್ಮ ಹಸು ಮಾತ್ರ ಹಳೇ ಜಾಗಕ್ಕೇ ಓಡುತ್ತೆ.