ಸಿಕಂದರ್: ಒಂದು ಹೆಸರಿನ ಕಥೆ

ನಮ್ಮ ಮನೆಯ ಉರ್ದುವಿನಲ್ಲಿ ಗೆದ್ದು ಬಂದವನನ್ನು ‘ಸಿಕಂದರ್’ ಎನ್ನುತ್ತೇವೆ. ಇದು ಗ್ರೀಕ್ ದೊರೆ ಅಲೆಕ್ಸಾಂಡರನ ಹೆಸರು. ಗ್ರೀಕ್ ಭಾಷೆಯಲ್ಲಿ ಇದರ ಅರ್ಥ ಗೆಲ್ಲುವವನು ಎಂದಲ್ಲ, ‘ಜನರನ್ನು ಕಾಯುವವನು’ ಎಂದು. ಅರಬ್ಬಿಯಲ್ಲಿ ನಾಮಪದದ ಮುಂದೆ ‘ಅಲ್’ ಸೇರುವುದು ವಾಡಿಕೆ. ಹಾಗಾಗಿ ಈ ಹೆಸರಿನ ‘ಅಲ್’ ಕೂಡ ಕಳಚಿ, ‘ಇಸ್ಕಂದರ್’ ಉಳಿಯಿತು.

ಅಲೆಕ್ಸಾಂಡರ್ ಪರ್ಷಿಯಾವನ್ನು ಸೋಲಿಸಿದವನು. ಆದರೂ ಫಿರ್ದೌಸಿ ‘ಶಾಹನಾಮೆ’ಯಲ್ಲಿ ಅವನನ್ನು ಪರ್ಷಿಯಾದ ರಾಜನ ಮಗನನ್ನಾಗಿ ಮಾಡಿದ. ನಿಜಾಮಿಯ ‘ಇಸ್ಕಂದರ್‌ನಾಮೆ’ಯಲ್ಲಿ ಅವನು ಜ್ಞಾನಿಯೂ ಹೌದು.

ದೆಹಲಿಯ ನಿಜಾಮ್ ಖಾನ್ 1489ರಲ್ಲಿ ಪಟ್ಟವೇರಿ ಸಿಕಂದರ್ ಲೋದಿ ಎನಿಸಿಕೊಂಡ. ಅವನು ತಂದ ಅಳತೆ ‘ಗಜ್-ಎ-ಸಿಕಂದರಿ’ ಅಕ್ಬರನ ಕಾಲದವರೆಗೂ ಬಳಕೆಯಲ್ಲಿತ್ತು.

ನಮ್ಮ ವಿಜಯಪುರದಲ್ಲೂ ಒಬ್ಬ ಸಿಕಂದರ್ ಇದ್ದ. ಸಿಕಂದರ್ ಆದಿಲ್ ಶಾಹ 1672ರಲ್ಲಿ ಬಾಲಕನಾಗಿದ್ದಾಗಲೇ ಪಟ್ಟಕ್ಕೆ ಬಂದ. 1686ರಲ್ಲಿ ಔರಂಗಜೇಬನಿಗೆ ಕೋಟೆ ಒಪ್ಪಿಸಿದಾಗ ಅವನಿಗೆ ಸುಮಾರು 18 ವರ್ಷ, ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಆದಿಲ್ ಶಾಹಿ ಮನೆತನದ ಆಳ್ವಿಕೆ ಅಲ್ಲಿಗೆ ಮುಗಿಯಿತು.

ವಾಣಿಜ್ಯ ವಿಭಾಗದ ನಾವು ‘ಗುಡ್‌ವಿಲ್’ ಬಗ್ಗೆ ಓದುತ್ತೇವೆ. ಹಳೆಯ ಹೆಸರಿಗೆ ಬೆಲೆ ಇದೆ, ನಿಜ. ಆದರೆ ಹೆಸರಿನ ಜೊತೆಗೆ ಗೆಲುವು ಬರುವುದಿಲ್ಲ. ಮಗುವಿಗೆ ಸಿಕಂದರ್ ಎಂದು ಹೆಸರಿಡುವವರು ಅದರ ಮೊದಲ ಅರ್ಥವನ್ನೂ ನೆನೆಯಲಿ.