ಸ್ಕಿಡ್ ಇರುವ ಕೂಸು: ಮಾಡಬೇಕಾದ್ದು, ಮಾಡಬಾರದ್ದು

ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯಿಲ್ಲದ ಸ್ಥಿತಿಯೇ ಸ್ಕಿಡ್. ಜೀನ್ ಚಿಕಿತ್ಸೆಯಾಗಲಿ, ಅಸ್ಥಿಮಜ್ಜೆ ಕಸಿಯಾಗಲಿ, ಅಲ್ಲಿಯವರೆಗೆ ಕೂಸು ಸೋಂಕು ತಗುಲದೆ ಉಳಿಯಬೇಕು. ಆ ಕಾವಲು ಮನೆಯವರದು.

ಮಾಡಬಾರದ್ದು

ಬಿಸಿಜಿ, ಪೋಲಿಯೊ ಹನಿ, ರೋಟಾ ಹನಿ ಹಾಕಿಸಬಾರದು. ಇವುಗಳಲ್ಲಿರುವುದು ಶಕ್ತಿಗುಂದಿಸಿದ, ಆದರೆ ಜೀವವಿರುವ ರೋಗಾಣು. ಬೇರೆ ಮಕ್ಕಳನ್ನು ಕಾಯುವ ಅದೇ ಲಸಿಕೆ ಈ ಕೂಸಿನ ಮೈಯೆಲ್ಲ ಹರಡಬಲ್ಲದು. ನಮ್ಮಲ್ಲಿ ಬಿಸಿಜಿಯನ್ನೂ ಮೊದಲ ಪೋಲಿಯೊ ಹನಿಯನ್ನೂ ಹುಟ್ಟಿದ ಕೂಡಲೇ ಹಾಕುತ್ತಾರೆ. ಆದ್ದರಿಂದ ಮನೆಯಲ್ಲಿ ಹಿಂದೊಂದು ಕೂಸು ಸೋಂಕಿನಿಂದ ತೀರಿಕೊಂಡಿದ್ದರೆ, ತಾಯಿಯ ತವರಿನಲ್ಲಿ ಗಂಡುಕೂಸುಗಳು ಹಾಗೆ ಹೋಗಿದ್ದರೆ, ಹೆರಿಗೆಗೆ ಮೊದಲೇ ಡಾಕ್ಟರಿಗೆ ಹೇಳಿ. ಸಂಕೋಚದಿಂದ ಮುಚ್ಚಿಡಬೇಡಿ. ರಕ್ತಪರೀಕ್ಷೆಯ ಫಲಿತಾಂಶ ಬರುವವರೆಗೆ ಈ ಲಸಿಕೆಗಳನ್ನು ತಡೆಹಿಡಿಸಿ. ಬಿಸಿಜಿ ಆಗಲೇ ಹಾಕಿಸಿದ್ದರೆ ಅದು ನಿಮ್ಮ ತಪ್ಪಲ್ಲ. ಚುಚ್ಚಿದ ಜಾಗ ಕೀವಾದರೆ, ಕಂಕುಳಲ್ಲಿ ಗಂಟು ಕಂಡರೆ ಅಂದೇ ತೋರಿಸಿ.

ಪಲ್ಸ್ ಪೋಲಿಯೊ ದಿನ ಮನೆಯ ಬೇರೆ ಮಕ್ಕಳಿಗೂ ಹನಿ ಬೇಡ. ಲಸಿಕೆಯ ವೈರಸ್ ಅವರ ಮಲದಲ್ಲಿ ಹೊರಬಂದು ಕೂಸಿಗೆ ತಗುಲಬಹುದು. ಬದಲಿಗೆ ಪೋಲಿಯೊ ಇಂಜೆಕ್ಷನ್ ಕೊಡಿಸಿ. ಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆಗೆ ಕಾರಣ ವಿವರಿಸಿ, ಡಾಕ್ಟರ ಚೀಟಿ ತೋರಿಸಿ.

ಸಾಮಾನ್ಯ ರಕ್ತ ಏರಿಸಲು ಒಪ್ಪಬೇಡಿ. ವಿಕಿರಣ ಹಾಯಿಸಿದ, ಸಿಎಂವಿ ವೈರಸ್ ಇಲ್ಲದ ರಕ್ತವೇ ಆಗಬೇಕು. ಇಲ್ಲದಿದ್ದರೆ ದಾನಿಯ ಬಿಳಿರಕ್ತಕಣಗಳೇ ಕೂಸಿನ ಮೇಲೆ ಎರಗುತ್ತವೆ.

ನಾಮಕರಣದ ನೆಂಟರನ್ನು ಈಗ ಕರೆಯಬೇಡಿ.

ಮಾಡಬೇಕಾದ್ದು

ತಾಯಿಗೆ ಸಿಎಂವಿ ಪರೀಕ್ಷೆ ಮಾಡಿಸಿ. ಎದೆಹಾಲಿನಿಂದಲೂ ಆ ವೈರಸ್ ದಾಟುತ್ತದೆ. ಯಾವ ಜೀನಿನಲ್ಲಿ ದೋಷವಿದೆ ಎಂಬುದನ್ನು ಪತ್ತೆ ಮಾಡಿಸಿ. ಒಡಹುಟ್ಟಿದವರ ಮಜ್ಜೆ ಪೂರ್ತಿ ಹೊಂದಿದರೆ ಕಸಿಯೇ ಮೊದಲ ದಾರಿ. ಜೀನ್ ಚಿಕಿತ್ಸೆಗೆಂದು ಕಾಯುತ್ತ ಅದನ್ನು ಮುಂದೂಡಬೇಡಿ.

ಜೀನ್ ಚಿಕಿತ್ಸೆಯಲ್ಲಿ ಕೂಸಿನದೇ ಕಾಂಡಕೋಶಗಳನ್ನು ತೆಗೆದು, ಸರಿಯಾದ ಜೀನ್ ಸೇರಿಸಿ, ಮರಳಿ ಕೊಡುತ್ತಾರೆ. ದಾನಿ ಬೇಕಿಲ್ಲ. ಎಡಿಎ ಕೊರತೆ ಎಂಬ ಬಗೆಯ ಸ್ಕಿಡ್ ಇದ್ದ 50 ಮಕ್ಕಳಿಗೆ ಅಮೆರಿಕ ಮತ್ತು ಲಂಡನ್ನಿನಲ್ಲಿ ಹೀಗೆ ಮಾಡಿದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು: ಎಲ್ಲರೂ ಬದುಕಿದ್ದರು, 48 ಮಕ್ಕಳಲ್ಲಿ ಚಿಕಿತ್ಸೆ ನೆಲೆನಿಂತಿತ್ತು. ಆದರೂ ವರ್ಷಗಟ್ಟಲೆ ತಪಾಸಣೆ ತಪ್ಪಿಸಬೇಡಿ. ಪ್ಯಾರಿಸ್, ಲಂಡನ್ನುಗಳ ಮೊದಲ ಪ್ರಯೋಗಗಳಲ್ಲಿ, ಬೇರೆ ಬಗೆಯ ಸ್ಕಿಡ್ ಇದ್ದ ಕೆಲವು ಮಕ್ಕಳಿಗೆ ವರ್ಷಗಳ ನಂತರ ರಕ್ತದ ಕ್ಯಾನ್ಸರ್ ಬಂದಿತ್ತು. ಆಮೇಲೆ ಜೀನ್ ಸಾಗಿಸುವ ವೈರಸ್ಸನ್ನೇ ಬದಲಿಸಿದರು.

ಚಿಕಿತ್ಸೆಯ ಖರ್ಚಿಗೆಂದು ಹೊಲ ಮಾರುವ ಮೊದಲು ಡಾಕ್ಟರನ್ನು ಕೇಳಿ: ಅಪರೂಪದ ಕಾಯಿಲೆಗಳ ಕುರಿತ 2021ರ ರಾಷ್ಟ್ರೀಯ ನೀತಿಯ ಮೊದಲ ಗುಂಪಿನಲ್ಲೇ ಸ್ಕಿಡ್ ಇದೆ. ನೆರವಿನ ಅರ್ಜಿಯನ್ನು ರೋಗ ಖಚಿತವಾದ ವಾರದಲ್ಲೇ ಕೊಡಿ.